ಮೆಟ್ಟಿಲ ಕೆಳಗಿನ ಜಾಡಿ

ಅಕ್ಟೋಬರ್ ಒಂಬತ್ತು, ಬುಧವಾರ, ಬೆಳಿಗ್ಗೆ ಏಳು ನಲವತ್ತಕ್ಕೆ ಬುಳುಕ್ ಬುಳುಕ್ ಸದ್ದು ನಿಂತಿತು. ತೀರಿಕೊಂಡ ಗಂಡನ ಹಣೆಯ ಕೂದಲು ಸರಿಮಾಡುತ್ತಿದ್ದ ಅವಳ ಕೈಯೂ ನಿಂತಿತು.

ಮೆಟ್ಟಿಲ ಕೆಳಗಿನ ಗಾಜಿನ ಜಾಡಿಯಲ್ಲಿ ದ್ರಾಕ್ಷಿರಸ ವೈನಾಗಲು ಹುದುಗುತ್ತಿತ್ತು. ಅದರ ಬಾಯಿಂದ ಹೊರಟ ರಬ್ಬರ್ ಕೊಳವೆ ನೀರಿನ ಸೀಸೆಯಲ್ಲಿ ಮುಳುಗಿತ್ತು. ಅಲ್ಲಿ ಗುಳ್ಳೆ ಏಳುತ್ತಲೇ ಇರಬೇಕು.

ದಡಕ್ಕನೆ ಎದ್ದಳು.

“ಅಯ್ಯೋ, ಹಿಡ್ಕೊಳ್ಳಿ, ತಲೆ ಸುತ್ತು ಬಂತೇನೋ!” ಎಂದಳು ಪಕ್ಕದ ಮನೆಯಾಕೆ.

ಕೈ ಕೊಸರಿಕೊಂಡು ಓಡಿದಳು. ಮೈದುನ ಕೊಳವೆ ಕಿತ್ತು, ಜಾಡಿಗೆ ಬಿರಡೆ ಜಡಿದು, ಕಂಬಳಿ ಹೊದಿಸುತ್ತಿದ್ದ.

“ಜನ ಬರೋ ಹೊತ್ತು, ಅತ್ತಿಗೆ. ವಾಸನೆ ಹೊಡೀತಿತ್ತು.”

“ಸಿಡಿಯುತ್ತೆ ಕಣೋ! ಗಾಳಿ ಹೋಗೋಕೆ ದಾರಿ ಬೇಡ್ವಾ?”

ಬಿರಡೆ ಕಿತ್ತಳು. ಉಸ್ಸೆಂದು ನೊರೆ ಉಕ್ಕಿ ಮುಂಗೈ ತೊಯ್ಯಿತು.

“ಅಣ್ಣ ಅಲ್ಲಿ ತಣ್ಣಗೆ ಮಲಗಿದಾನೆ, ನಿಮಗೆ ಇದರ ಚಿಂತೆ,” ಎಂದ ಮೈದುನ, ಮರುಗಳಿಗೆ ದನಿ ತಗ್ಗಿಸಿದ: “ಕೆಡಿಸಬೇಡಿ ಮತ್ತೆ. ಅವನ ಕೈಯ ಕಡೇದು.”

*

ಡೈರಿಯಲ್ಲಿ ಹಾಲು ಪರೀಕ್ಷಿಸುವುದು ಗಂಡನ ಕೆಲಸವಾಗಿತ್ತು. ಮನೆಯಲ್ಲಿ ದ್ರಾಕ್ಷಿ ಮುಗಿದರೆ ಅನಾನಸು, ಅದು ಮುಗಿದರೆ ನೇರಳೆ. ಜಾಡಿ ಖಾಲಿ ಕೂತದ್ದೇ ಇಲ್ಲ. ಕಡಲೂರಿನಲ್ಲಿದ್ದ ಅವಳ ತಂಗಿ ಹೆತ್ತಳು, ಮನೆ ಕಟ್ಟಿಸಿದಳು, ಕರೆದು ಕರೆದು ಸೋತಳು.

“ನೀನು ಹೋದ್ರೆ ನೊರೆ ತೆಗೆಯೋರು ಯಾರು? ನಂಗೆ ಡ್ಯೂಟಿ. ಈ ಸಲದ್ದು ಆಗಲಿ, ಹೋಗುವಿಯಂತೆ,” ಎನ್ನುತ್ತಿದ್ದ.

ಅವನು ಬೈದವನಲ್ಲ, ಕುಡಿದು ತೂರಾಡಿದವನೂ ಅಲ್ಲ. ಸಂಜೆಗೊಂದು ಸಣ್ಣ ಲೋಟ. ಮೊದಲ ಗುಟುಕು ಅವಳಿಗೆ. ಆ ಒಗರು ಅವಳಿಗೆ ಎಂದೂ ಹಿಡಿಸಲಿಲ್ಲ. “ಚೆನ್ನಾಗಿದೆ” ಎಂದು ಮೊದಲ ದಿನ ಹೇಳಿದ್ದಳು. ಆಮೇಲೆ ಬೇರೆ ಹೇಳಲು ಬಾಯಿ ಬರಲಿಲ್ಲ.

*

ಮಣ್ಣು ಮಾಡಿ ಬಂದಾಗ ಮೂರು ದಾಟಿತ್ತು.

“ಅಕ್ಕಾ, ಐದಕ್ಕೆ ಬಸ್ಸು. ನಿನ್ನ ಬಟ್ಟೆ ತುಂಬಿದೀನಿ,” ಎಂದಳು ತಂಗಿ. “ಇನ್ನೇನು ನೆಪ ಉಳಿದಿದೆ ನಿಂಗೆ? ಅದನ್ನ ಚೆಲ್ಲು ಅತ್ಲಾಗೆ.”

“ಚೆಲ್ಲೋದಾ? ಬಾಯಲ್ಲಿ ಒಳ್ಳೇ ಮಾತು ಬರಲ್ವಾ?” ಎಂದ ಮೈದುನ.

“ಹಾಗಾದ್ರೆ ನೀವೇ ಕಾಯಿರಿ.”

“ನಂಗೇನು ಬರುತ್ತೆ, ಬಿರಡೆ ಹಾಕೋದು ಬಿಟ್ಟು?”

“ಹುದುಗೋದು ಮುಗಿದಿದ್ರೆ ಸೀಸೆಗೆ ತುಂಬಿ ಬಂದೇಬಿಡ್ತೀನಿ,” ಎಂದಳು ಅವಳು. ನಿಜವಾಗಿ ಹೊರಡುವ ಮನಸ್ಸಿತ್ತು.

ಎತ್ತರದ ಗಾಜಿನ ನಳಿಗೆಗೆ ರಸ ಇಳಿಸಿ, ಅದರ ಸಾಂದ್ರತೆ ತೋರುವ ತೇಲುಮಾಪಕ ಬಿಟ್ಟಳು. ಸಕ್ಕರೆ ಇಂಗಿ ಹುದುಗು ಮುಗಿದಿದ್ದರೆ ಅದು ಸಾವಿರದ ಗೆರೆಗಿಂತ ಕಡಿಮೆ ತೋರಬೇಕು. ಅದಕ್ಕೆ ಮೊದಲೇ ತುಂಬಿದರೆ ಸೀಸೆಗಳು ಸಿಡಿಯುತ್ತವೆ. ಕಡಿಮೆ ತೋರದಿದ್ದರೆ ಇನ್ನೂ ಎಷ್ಟೋ ದಿನ ಕಾಯಬೇಕು.

ತಂಗಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಅವಳು ಮಂಡಿಯೂರಿ ಕಣ್ಣನ್ನು ರಸದ ಮಟ್ಟಕ್ಕೆ ತಂದಳು. ಕೈಯಿಂದ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಹಿಂದೆ ಪೆಟ್ಟಿಗೆಯನ್ನು ನೆಲಕ್ಕಿಟ್ಟ ಸದ್ದಾಯಿತು.

ಸಾವಿರದ ಹದಿನಾಲ್ಕು.