ಜಮಾದಾರನಿಗೆ ಆರತಿ

ಏನೋ ಮಿಂಚಿತು ಅವನ ಕೋಟಿನ ಗುಂಡಿಗಳ ಸಂದಿಯಲ್ಲಿ, ಪದಕವೇ ಇರಬೇಕು, ಹೊರಗೆ ಎರಡು ತೂಗುತ್ತಿದ್ದರೂ ಒಳಗೊಂದು ಬಚ್ಚಿಟ್ಟುಕೊಂಡಿದ್ದಾನೆ ಭಾಲ್ಕಿಯ ಈ ಹುಲಿ, ಕುದುರೆ ರಿಸಾಲಾದ ಜಮಾದಾರ ಮನ್ಮಥಪ್ಪ, ಹತ್ತಿ ಅಡತಿಯ ಸಾವಕಾರ, ಲೋಕಲ್ ಫಂಡ್ ಕಮಿಟಿಯ ಮೆಂಬರ — ವಕೀಲ ಅಬ್ದುಲ ಗಫೂರರು ಸನ್ಮಾನದ ಭಾಷಣದಲ್ಲಿ ಒಂದೊಂದು ಬಿರುದನ್ನೂ ಚಪ್ಪರಿಸುತ್ತಿದ್ದಾರೆ, ಇಂಥಾ ಮನುಷ್ಯಾ ಬೀದರ ಜಿಲ್ಲಾದಾಗ ಮತ್ತೊಬ್ಬ ಇಲ್ರಿ, ಮಿಸರ ದೇಶದ ಮರಳಿನಾಗ ತುರ್ಕರ ತೋಪಿಗಿ ಎದಿ ಕೊಟ್ಟವರು, ಸಂತಪುರಕ್ಕ ಬಾವಿ ತೋಡಿಸಿದವರು — ಬಾವಿ! ಹನಿ ನೀರಿಲ್ಲದ ಆ ಹೊಂಡದಲ್ಲಿ ನಾಯಿ ಮರಿ ಹಾಕುತ್ತದೆ, ಕಟ್ಟೆಯ ಕಲ್ಲಿನ ಮೇಲೆ ಮಾತ್ರ ಇವನ ಹೆಸರು, ಆದರೂ ಚಪ್ಪಾಳೆ, ಇವನ ತಕ್ಕಡಿಗೇ ಹತ್ತಿ ಹಾಕಬೇಕಾದವರು ತಟ್ಟದೆ ಏನು ಮಾಡಿಯಾರು, ನನ್ನ ಕೈಯಲ್ಲಿ ಆರತಿ ತಟ್ಟೆ, ಅಷ್ಟು ಪುಣ್ಯ. ಮುತ್ತೈದೆಯರು ಬೇಕೆಂದು ಅವನ ಹೆಂಡತಿ ರುಕ್ಮಿಣಿಬಾಯಿ ಬೆಳಿಗ್ಗೆ ಅಡತಿಗೇ ಬಂದಳು, ಹತ್ತಿ ಆರಿಸುವವರ ನಡುವಿನಿಂದ ನನ್ನನ್ನೇ ಎಬ್ಬಿಸಿದಳು, ಬಾರ ಶಿವಕಾಂತಾ, ನಿನ್ನ ಗಂಡ ಯಾವಕಿ ಸೆರಗಿನಾಗರ ಇರ್ಲಿ, ಜೀವಂತ ಅದಾನಲ್ಲ, ಕುಂಕುಮಕ್ಕೇನ ಕಮ್ಮಿ — ಎಲ್ಲರೂ ನಕ್ಕರು. ಜೀವಂತ. ನಾನೂ ನಂಬಿದ್ದೆ, ಲಡಾಯಿಯಿಂದ ಒಬ್ಬನೇ ಮರಳಿದ ಇವನೇ ನನ್ನ ಅಂಗಳದಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದ, ನಿನ್ನ ಗಂಡ ಹಾವಗೆಪ್ಪ ರಿಸಾಲಾ ಬಿಟ್ಟು ಓಡಿಹೋದ, ತಂಗಿ, ಅಲ್ಲೇ ಒಬ್ಬಾಕಿನ್ನ ಮಾಡ್ಕೊಂಡಾನ, ಮರ್ತಬಿಡು. ಮರೆಯಲಿಲ್ಲ, ಬೈದೆ, ಬಳೆ ತೊಡುವಾಗಲೆಲ್ಲ ಅವರನ್ನು ಬೈದೆ, ಓಡಿಹೋದವನ ಹೆಂಡತಿ ಎಂದು ಔರಾದ ಸಂತೆಯಲ್ಲಿ ನಗೆಗೀಡಾದೆ. ನಮ್ಮೂರು ಎಕಂಬಾದಿಂದ ಇಬ್ಬರೂ ಲಡಾಯಿಗೆ ಒಟ್ಟಿಗೆ ಹೊರಟವರು, ಇವನ ಲಿಂಗ ಮಾಸಿದ ಬಟ್ಟೆಯ ಗಂಟಿನಲ್ಲಿ, ನಮ್ಮವರ ಲಿಂಗ ನನ್ನಪ್ಪ ಮಾಡಿಸಿಕೊಟ್ಟ ಬೆಳ್ಳಿ ಕರಡಿಗೆಯಲ್ಲಿ, ಅದೇ ಬೆಳಿಗ್ಗೆ ಅದು ನನ್ನ ಕೈಜಾರಿ ಬೀಸುವ ಕಲ್ಲಿಗೆ ಬಡಿದು ತಗ್ಗು ಬಿತ್ತು, ಅಪಶಕುನವೆಂದು ನಾನು ಅತ್ತರೆ ಅವರು ನಕ್ಕು ಹೆಬ್ಬೆರಳನ್ನು ಅದರಲ್ಲಿಟ್ಟು, ನೋಡ, ಹೆಬ್ಬಟ್ಟ ಬರಾಬರ ಕೂಡ್ತದ, ಅಳಬ್ಯಾಡ, ಜೀವ ಇರೂತನಕ ಇದು ನನ್ನ ಕೊರಳ ಬಿಡಂಗಿಲ್ಲ, ಸತ್ತರ ನನ್ನ ಕೂಡೇ ಮಣ್ಣಿಗಿ — ನನ್ನ ಸರದಿ ಬಂತು, ಎದುರು ನಿಂತಿದ್ದೇನೆ, ಹೂವಿನ ಹಾರಗಳ ಸೆಕೆ ತಾಳದೆ ಅವನು ಗುಂಡಿ ಬಿಚ್ಚುತ್ತಾನೆ, ಮಿಂಚಿದ್ದು ಹೊರಗೆ ಜಾರಿ ತೂಗುತ್ತದೆ, ಪದಕವಲ್ಲ, ಕರಡಿಗೆ, ಕರ್ಪೂರದ ಬೆಳಕು ಅದರ ಮೇಲೆ ಹರಿದು ಒಂದೆಡೆ ಮುಗ್ಗರಿಸುತ್ತದೆ, ತಗ್ಗು. ಓಡಿಹೋಗುವವನು ಲಿಂಗ ಬಿಚ್ಚಿಕೊಟ್ಟು ಓಡುತ್ತಾನೇನೋ, ಜಮಾದಾರ? ಹೆಣದ ಕೊರಳಿಗೆ ಕೈ ಹಾಕಿದವನೇ, ಅವರ ಲಿಂಗ ಎಲ್ಲಿ ಚೆಲ್ಲಿದೆ, ಇಷ್ಟು ಬೆಳ್ಳಿ ದಕ್ಕಲೆಂದು ಸತ್ತವರನ್ನು ಬದುಕಿಸಿಟ್ಟೆಯಾ, ನನ್ನಿಂದ ಬೈಸಿಟ್ಟೆಯಾ, ಅದಕ್ಕೂ ನಾನೇ ಆರತಿ ಎತ್ತಬೇಕೇ — ಎತ್ತ ಶಿವಕಾಂತಾ, ಕಂಬದ್ಹಂಗ ಯಾಕ ನಿಂತಿ, ಎನ್ನುತ್ತಾಳೆ ರುಕ್ಮಿಣಿಬಾಯಿ, ಮದುವೆಯಲ್ಲಿ ಒಡಪು ಹಾಕಿ ಒಮ್ಮೆ ಹೇಳಿದ್ದು ಬಿಟ್ಟರೆ ಎಂದೂ ಆಡದ ಗಂಡನ ಹೆಸರು ಬಾಯಿಗೆ ಬರುತ್ತದೆ, ಇದು ಹಾವಗೆಪ್ಪನ ಕರಡಿಗಿ, ಕೂಗಿದೆನೇ, ಚಪ್ಪಾಳೆ ನಿಂತಿದೆ, ತಟ್ಟೆ ಕೆಳಗೆ ಬಿದ್ದು ಉರುಳುತ್ತಿದೆ, ಅವನ ಕೈ ಎದೆಗೆ ಏಳುತ್ತದೆ, ನನ್ನದು ಮೊದಲು ಮುಟ್ಟುತ್ತದೆ, ಹೆಬ್ಬೆರಳು ತಗ್ಗಿನೊಳಗೆ, ಕೂಡುವುದಿಲ್ಲ, ಸಡಿಲ, ಸುತ್ತ ಜಾಗ ಉಳಿಯುತ್ತದೆ, ಅವರ ಬೆರಳು ದೊಡ್ಡದು, ತಗ್ಗು, ಅವರ ಬೆರಳಿನಷ್ಟೇ ತಗ್ಗು