ಬೂದು ಬಣ್ಣದ ಹೆಣ್ಣುಗಳು

ಹೊಟ್ಟೆ ಉಬ್ಬಿದೆಯೋ ಇಲ್ಲವೋ, ಬಿಸಿಲು ಸೀಸೆಯ ಗಾಜಿನಲ್ಲಿ ಬಾಗಿ ಎಲ್ಲವನ್ನೂ ದಪ್ಪ ಮಾಡಿ ತೋರಿಸುತ್ತದೆ, ತಲೆ ಈ ಕಡೆ ವಾಲಿಸಿದರೆ ಸಪೂರ, ಆ ಕಡೆ ವಾಲಿಸಿದರೆ ಬಸುರಿ, ನಾಲ್ಕೇ ದಿನಕ್ಕೆ ಏನು ತಿಳಿದೀತು, ಇಪ್ಪತ್ತು ವರ್ಷ ಕಾಂಪೌಂಡರ್ ಕೆಲಸ ಮಾಡಿದವನು ನೀನು ಶ್ರೀರಾಮಪ್ಪ, ಹೆಬ್ಬಾಳದ ಅರ್ಧ ಊರಿನ ಹೊಟ್ಟೆನೋವಿಗೆ ಮಿಕ್ಸ್ಚರ್ ಕಲಸಿದವನು, ಒಂದು ಮೀನಿನ ಹೊಟ್ಟೆ ಓದಲಾರೆಯಾ — ಹನ್ನೆರಡು ಸೀಸೆ, ಡಾಕ್ಟರ ಷಾಪಿನಿಂದ ಒಂದೊಂದಾಗಿ ಕೇಳಿ ತಂದ ಅಗಲ ಬಾಯಿಯ ಸೀಸೆ, ಕಿಟಕಿ ಹಲಗೆಯ ಮೇಲೆ ಸಾಲಾಗಿ, ಒಂದೊಂದರಲ್ಲೂ ಐದು ಗಪ್ಪಿ, ಎಲ್ಲಾ ಹೆಣ್ಣು, ಎಲ್ಲಾ ಗಂಡು ಮುಟ್ಟದವು, ಹಾಗಂತ ಇವತ್ತು ಬೆಳಿಗ್ಗೆ ಏಳು ಗಂಟೆಯ ತನಕ ಆಣೆ ಇಟ್ಟು ಹೇಳುತ್ತಿದ್ದೆ. ಗಂಡುಗಳದ್ದು ಚಿಂತೆಯಿಲ್ಲ, ನಡುಮನೆಯ ನಾಲ್ಕು ಗಾರೆ ತೊಟ್ಟಿಯಲ್ಲಿ ನಾಲ್ಕು ಜಾತಿ, ಗಂಡು ತಾನು ಯಾರು ಅಂತ ಮೈಮೇಲೇ ಬರೆದುಕೊಂಡು ಹುಟ್ಟುತ್ತದೆ, ಎರಡು ಕತ್ತಿಗೆ ಬಾಲದ ಮೇಲೊಂದು ಕೆಳಗೊಂದು ಕತ್ತಿ, ಸೆರಗುಬಾಲಕ್ಕೆ ನೀರಲ್ಲಿ ಎಳೆದಾಡುವ ಕೆಂಪು ಸೆರಗು, ಕರಿಸೊಂಟ ಸೊಂಟದಿಂದ ಹಿಂದಕ್ಕೆ ಇಂಕಿನಲ್ಲಿ ಅದ್ದಿ ತೆಗೆದ ಹಾಗೆ, ಇನ್ನು ಹಾವುಚರ್ಮ, ಅದು ಬೆಂಗಳೂರಲ್ಲಿ ನನ್ನ ಹತ್ತಿರ ಬಿಟ್ಟರೆ ಇನ್ನೊಬ್ಬರ ಹತ್ತಿರ ಇಲ್ಲ. ಹೆಣ್ಣಿಗೆ ಮಾತ್ರ ಏನೂ ಇಲ್ಲ, ನಾಲ್ಕು ಜಾತಿಯ ಹೆಣ್ಣೂ ಒಂದೇ ಬೂದು ಬಣ್ಣ, ಪಾತ್ರೆ ತೊಳೆದ ನೀರಿನ ಬಣ್ಣ, ಯಾವ ಸೀಸೆಯಲ್ಲಿದೆಯೋ ಅದೇ ಅದರ ಜಾತಿ. ಬೇರೆ ಗಂಡು ಒಂದು ಸಲ ಮುಟ್ಟಿದರೆ ಮುಗಿಯಿತು, ಆರು ತಿಂಗಳು ಆ ಗಂಡಿನ ಮರಿ ಹಾಕುತ್ತಲೇ ಇರುತ್ತದೆ, ಏಳು ವರ್ಷದ ಶುದ್ಧ ಸಂತಾನ ಕೆಸರು. ಮೀನಂಗಡಿಯ ದಿಲ್ಶಾದ್ ಹೇಳುತ್ತಿದ್ದ, ಶ್ರೀರಾಮಪ್ಪಾ ಭಾಯ್, ಚಂದದ ಗಂಡು ಎಲ್ಲೆಲ್ಲೂ ಸಿಗ್ತದೆ, ಅಸಲಿ ಹೆಣ್ಣು ನಿಮ್ಮ ಮನೇಲಿ ಮಾತ್ರ, ಭಾನುವಾರ ಹನ್ನೊಂದಕ್ಕೆ ಮದ್ರಾಸ್ ಸಾಹುಕಾರ್ರನ್ನ ಕರ್ಕೊಂಡ್ ಬರ್ತೀನಿ, ಅರವತ್ತೂ ಅವರಿಗೇ. ಇವತ್ತು ಭಾನುವಾರ. ಹತ್ತು ಹೊಡೆದಾಗಿದೆ.

ಅವಳು ಹೋಗಿ ಮೂರು ಗಂಟೆ, ಪಟಾಲಿ, ನನ್ನ ತಂಗಿ ಪಟಾಲಮ್ಮ, ಏನು ಕಡಿಮೆ ಮಾಡಿದ್ದೆ ಅವಳಿಗೆ, ನನ್ನ ಹೆಂಡತಿ ಹೆರಿಗೆಯಲ್ಲಿ ಹೋದ ಮೇಲೆ ಮನೆಯ ಬೀಗದ ಕೈ ಯಾರ ಸೊಂಟದಲ್ಲಿತ್ತು, ಅವಳದ್ದರಲ್ಲಿ ತಾನೇ. ಕೆಲಸವೇನು ಮಹಾ, ಬೆಳಿಗ್ಗೆ ಮೋರಿಗೆ ಕೈ ಹಾಕಿ ಕೆಂಪು ಹುಳ ತರುವುದು, ಏಳು ನೀರಲ್ಲಿ ತೊಳೆಯುವುದು, ಬೇಯಿಸಿದ ಮೊಟ್ಟೆಯ ಹಳದಿ ಬಟ್ಟೆಯಲ್ಲಿ ಕಟ್ಟಿ ಮರಿಗಳಿಗೆ ಹಿಂಡುವುದು, ಮೀಸೆ ಮೂಡುವ ಮುಂಚೆ ಹುಡುಗರನ್ನು ಬೇರೆ ಮಲಗಿಸುವ ಹಾಗೆ ಬಣ್ಣ ಬರುವ ಮುಂಚೆ ಗಂಡುಮರಿ ಆರಿಸಿ ತೆಗೆಯುವುದು, ಅದರಲ್ಲಿ ಅವಳ ಕಣ್ಣೇ ಕಣ್ಣು, ನನಗಿಂತ ಎರಡು ದಿನ ಮೊದಲು ಗುರುತು ಹಿಡಿಯುತ್ತಿದ್ದಳು. ಬೆರಳ ಸಂದಿಯಲ್ಲಿ ಹುಣ್ಣಾಗುತ್ತಿತ್ತು, ಷಾಪಿನಿಂದ ನೇರಳೆ ಔಷಧಿ ತಂದು ನಾನೇ ಹಚ್ಚಿದ್ದೇನೆ, ಕೈಗೆ ಆಕ್ಕೊಳ್ಳೋ ರಬ್ಬರ್ ಚೀಲ ತಂದ್ಕೊಡಣ್ಣ ಅಂದಳು ಒಂದು ಸಲ, ತರಲಿಲ್ಲ, ರಬ್ಬರ್ ಹಾಕಿಕೊಂಡರೆ ಹುಳ ಕೈಗೆ ತಿಳಿಯುವುದಿಲ್ಲ, ಅದಕ್ಕೆ. ಬೆನ್ನು ಸೊಟ್ಟಗಿರೋ ಮರಿ ಬಿಸಾಕು ಅಂತ ಹೇಳಿದರೆ ನೀರೊಲೆಯ ಹಿಂದೆ ಒಡಕು ಮಡಕೆಯಲ್ಲಿ ಬಚ್ಚಿಟ್ಟು ಸಾಕಿದ್ದಳು, ಇಪ್ಪತ್ತೋ ಮೂವತ್ತೋ, ಎಲ್ಲಾ ಗೂನು, ಅವಳ ಬೆರಳು ಕಂಡರೆ ಮೇಲಕ್ಕೆ ಬರುತ್ತಿದ್ದವು, ನೋಡಿ ನನಗೆ ಅಸಹ್ಯವಾಯಿತು, ಮಡಕೆ ಅವಳ ಕೈಯಲ್ಲೇ ಹಿಡಿಸಿ ಒಲೆಯ ಬಿಸಿ ಬೂದಿಗೆ ಸುರಿಸಿದೆ, ಚುಂಯ್ ಅಂತ ಸಣ್ಣ ಸದ್ದು, ಬಾಕಿಯಿದ್ದ ಎರಡನ್ನೂ ಹಾಕು ಅಂದೆ, ಹಾಕಿದಳು. ಬೇಡವಾದ್ದನ್ನ ಇಟ್ಕೋಬಾರದು ಪಟಾಲಿ, ಒಂದು ಸೊಟ್ಟ ಇದ್ದರೆ ನೂರು ಸೊಟ್ಟ ಆಗ್ತವೆ, ಅಂದೆ. ಹೂಂ ಅಣ್ಣ ಅಂದಳು. ಅಳಲೇ ಇಲ್ಲವಲ್ಲ, ಅಂದಮೇಲೆ ಅಂಥಾ ಸಂಕಟವೇನೂ ಆಗಿರಲಿಲ್ಲ.

ಯಲಹಂಕದಿಂದ ಹುಡುಗ ಅವಳನ್ನು ನೋಡಲು ಬಂದದ್ದು ಐವತ್ತೊಂಬತ್ತರಲ್ಲಿ, ಹನುಮಯ್ಯ, ಸ್ಟೇಷನ್ನಿನಲ್ಲಿ ಸಿಗ್ನಲ್ ದೀಪ ಹಚ್ಚುವ ಕೆಲಸ, ತಾಯಿಯನ್ನು ಕರೆದುಕೊಂಡು ಬಂದಿದ್ದ, ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿಂದು, ರೈಲು ಅಂದ್ರೆ ಭಯಾನಾ ಅಂತ ಅವಳನ್ನು ಕೇಳಿದ, ಅವಳು ನಕ್ಕಳು, ಬಾಯಿ ಮುಚ್ಚಿಕೊಳ್ಳದೆ ನಕ್ಕಳು, ಆ ನಗು ಈ ಮನೆಯಲ್ಲಿ ನಾನು ಕೇಳಿಯೇ ಇರಲಿಲ್ಲ. ಆಗ ತಾನೇ ದಿಲ್ಶಾದ್ ಮೊದಲ ಸೆರಗುಬಾಲದ ಜೋಡಿ ಕೊಟ್ಟಿದ್ದ, ತೊಟ್ಟಿಗೆ ಗಾರೆ ಇನ್ನೂ ಹಸಿ, ಎಂಟಕ್ಕೆ ಷಾಪಿಗೆ ಹೋದರೆ ನಾನು ತಿರುಗಿ ಬರುವುದು ಕತ್ತಲಿಗೆ, ಇವಳು ಹೋದರೆ ಹುಳ ತರುವವರು ಯಾರು, ನನಗೆ ಅನ್ನ ಹಾಕುವವರು ಯಾರು, ಅವರು ಬೀದಿ ತಿರುವು ದಾಟುವ ಮುಂಚೆಯೇ ಕಾಗದ ಮನಸ್ಸಿನಲ್ಲಿ ಬರೆದಾಗಿತ್ತು. ಹುಡುಗಿಗೆ ಮೂರ್ಛೆರೋಗವಿದೆ, ಅಮಾವಾಸ್ಯೆಗೆ ಬಾಯಲ್ಲಿ ನೊರೆ ಬಂದು ಬೀಳುತ್ತಾಳೆ, ನಾಲಿಗೆ ಕಚ್ಚಿಕೊಳ್ಳುತ್ತಾಳೆ, ಇಂತಿ ಒಬ್ಬ ಹಿತೈಷಿ. ಮೂರೇ ಸಾಲು. ಎಂಟು ದಿನಕ್ಕೆ ಹೇಳದೆ ಕೇಳದೆ ತಾಯಿಯೊಬ್ಬಳೇ ಬಂದಳು, ಮುದುಕಿ, ಪಟಾಲಿಯನ್ನು ಬಾಗಿಲ ಬೆಳಕಿಗೆ ಕೂರಿಸಿದಳು, ಎಲ್ಲಿ ನಾಲಿಗೆ ಚಾಚವ್ವ ಅಂದಳು, ಇವಳು ತಮಾಷೆ ಅಂದುಕೊಂಡು ಚಾಚಿದಳು, ಮುದುಕಿ ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು, ದನದ ಹಲ್ಲು ನೋಡುವ ಹಾಗೆ, ಗಾಯವೇನೂ ಕಾಣಲಿಲ್ಲ, ಆದರೂ ನೋಡುತ್ತಲೇ ಇದ್ದಳು, ನಾನು ಗೋಡೆಗೊರಗಿ ಲೋಟದಲ್ಲಿ ಕಾಫಿ ಆರಿಸುತ್ತಿದ್ದೆ. ಮತ್ತೆ ಬರಲಿಲ್ಲ ಅವರು. ಮಾತು ಎಲ್ಲೆಲ್ಲಿಗೆ ಹೋಯಿತೋ ಆಮೇಲೆ ಯಾರೂ ಬರಲಿಲ್ಲ. ನನ್ನ ನಾಲಿಗೇಲಿ ಏನಣ್ಣ ಐತೆ ಅಂತ ಕೇಳಿದಳು ಒಂದು ದಿನ, ಕನ್ನಡಿ ಹಿಡಿದುಕೊಂಡು. ಏನಿಲ್ಲ, ಹುಳ ತೊಳೆದಾಯ್ತಾ ಅಂದೆ.

ಮಂಗಳವಾರ ಷಾಪಿಗೆ ಬಂದವನು ಅದೇ ಹನುಮಯ್ಯ, ತಲೆ ಬೋಳಾಗಿದೆ, ಮಗಳಿಗೆ ಜ್ವರ ಅಂತ ಎತ್ತಿಕೊಂಡು ಬಂದಿದ್ದ, ನಾನು ಗುರುತು ಸಿಗದವನ ಹಾಗೆ ಮಿಕ್ಸ್ಚರ್ ಕಲಸಿ ಚೀಟಿ ಬರೆದೆ, ಬೆಳಿಗ್ಗೆ ಸೀಸೆಯ ಮೇಲಿನ ಒಂದು ಗುರುತಿನಷ್ಟು, ಸಾಯಂಕಾಲ ಒಂದು ಗುರುತಿನಷ್ಟು, ಆ ಚೀಟಿಯನ್ನು ಅವನು ಎಷ್ಟು ಹೊತ್ತು ನೋಡಿದ, ಏನ್ರೀ ಅದರಲ್ಲಿ ಅಂದೆ, ಏನಿಲ್ಲ ಬಿಡಿ, ಅಕ್ಷರ ಚೆನ್ನಾಗೈತೆ ಅಂದ. ನಾನು ದಡ್ಡ, ಮುಗುಳ್ನಕ್ಕೆ. ಬುಧವಾರ ನಾನಿಲ್ಲದಾಗ ಮನೆಗೆ ಬಂದು ಕೊಟ್ಟುಹೋಗಿದ್ದಾನೆ, ತಾಯಿಯ ಪೆಟ್ಟಿಗೆಯಲ್ಲಿ ಏಳು ವರ್ಷ ಮಡಿಸಿಟ್ಟಿದ್ದ ಕಾಗದವನ್ನೂ ಆ ಚೀಟಿಯನ್ನೂ. ಅವಳು ನಾಲ್ಕು ದಿನ ಎಂದಿನ ಹಾಗೇ ಮುದ್ದೆ ತೊಳಸಿದಳು, ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು, ಇವತ್ತು ಬೆಳಿಗ್ಗೆ ತಗಡಿನ ಪೆಟ್ಟಿಗೆ ಹೊಸ್ತಿಲ ಹತ್ತಿರ ಇಟ್ಟು ಎರಡೂ ಕಾಗದ ನನ್ನ ಕಾಫಿಯ ಪಕ್ಕ ಹರಡಿದಳು. ಎರಡರಾಗೂ ಳಕಾರದ ಬಾಲ ಒಂದೇ ತರ ಸುತ್ತೈತೆ ನೋಡಣ್ಣ. ನಿನ್ನ ಒಳ್ಳೇದಕ್ಕೇ ಬರೆದೆ ಪಟಾಲಿ, ಅವನು ಕುಡೀತಾನೆ ಅಂತ ಯಾರೋ ಅಂದ್ರು — ಯಾರು ಅಂದ್ರು? ನಾನು ಹೆಸರು ಹುಡುಕುತ್ತಿದ್ದೆ, ಅವಳು ಕಾಯಲಿಲ್ಲ. ಯಶವಂತಪುರದಾಗೆ ಊದಿನಕಡ್ಡಿ ಕಾರ್ಖಾನೇಲಿ ಕೆಲಸ ಐತಂತೆ, ಅಲ್ಲೇ ಕೆಲಸ ಮಾಡೋ ಮುನಿಕೃಷ್ಣಮ್ಮ ಬಾ ಅಂದವ್ಳೆ, ಓಗ್ತೀನಿ. ಇನ್ನೊಂದು ಮಾತು. ಬುಧವಾರ ನೀನು ಷಾಪಿಗೋದ್ಮೇಲೆ ಇತ್ತಲ ಕಲ್ಲುಬಾನಿಗೆ ನೀರು ತುಂಬಿ ಅರವತ್ತು ಎಣ್ಣನ್ನೂ ಬಿಟ್ಟೆ, ನಾಲ್ಕು ತೊಟ್ಟಿ ಗಂಡನ್ನೂ ಬಿಟ್ಟೆ, ಸಂಜೆಗಂಟ ಆಡ್ಕೊಂಡಿದ್ವು, ಗಂಡನ್ನ ಬಾಲ ನೋಡಿ ಅದರದರ ತೊಟ್ಟಿಗೆ ಆಕ್ದೆ, ಎಣ್ಣನ್ನ ಕೈಗೆ ಸಿಕ್ಕಂಗೆ ಸೀಸೆಗೆ ಆಕ್ದೆ. ಸುಳ್ಳು, ಅಂದೆ, ಸುಳ್ಳು ಹೇಳ್ತೀಯ. ಸುಳ್ಳೋ ನಿಜವೋ ಸೀಸೆ ಮುಂದೆ ಕೂತು ನೋಡ್ತಾ ಇರು, ಆ ಮುದ್ಕಿ ನನ್ನ ನಾಲಿಗೆ ನೋಡ್ದಂಗೆ. ಪೆಟ್ಟಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡಳು, ತಿರುಗಿ ನೋಡದೆ ಬಸ್ಸಿನ ಕಡೆ ನಡೆದಳು.

ಮೂರು ಗಂಟೆ ಹೊತ್ತಿನಿಂದ ನೋಡುತ್ತಿದ್ದೇನೆ, ಬೂದು, ಬೂದು, ಬೂದು, ಈ ಹಾವುಚರ್ಮದ ಸೀಸೆಯಲ್ಲಿರುವುದು ಹಾವುಚರ್ಮವೋ ಕರಿಸೊಂಟವೋ, ತಿಂಗಳು ಕಾದರೆ ಬಸುರಿ ಹೌದೋ ಅಲ್ಲವೋ ತಿಳಿಯುತ್ತದೆ, ಕಾಯಬಹುದು, ಆದರೆ ಸಾಹುಕಾರನಿಗೆ ಏನು ಹೇಳಲಿ, ತಿಂಗಳು ಬಿಟ್ಟು ಬನ್ನಿ ನಮ್ಮ ಹೆಣ್ಣುಗಳ ಮೇಲೆ ಅನುಮಾನ ಅಂತಲೇ, ಸುಮ್ಮನೆ ಕೊಟ್ಟುಬಿಟ್ಟು ಅಲ್ಲಿ ಸೆರಗುಬಾಲದ ಹೊಟ್ಟೆಯಲ್ಲಿ ಬೆರಕೆ ಮರಿ ಹುಟ್ಟಿದರೆ ಮದ್ರಾಸಿನ ತನಕ ನನ್ನ ಹೆಸರು — ಕೈ ತಾನೇ ಮುಂದೆ ಹೋಯಿತು, ಮೊದಲನೇ ಸೀಸೆ ಎತ್ತಿಕೊಂಡು ಹಿತ್ತಿಲಿಗೆ ಬಂದು ನೆಲಕ್ಕೆ ಬಗ್ಗಿಸಿದೆ, ಐದು ಬೂದು ಚೂರು ಮಣ್ಣಲ್ಲಿ ಹೊರಳಾಡಿದವು, ಪಟಾಲಿ ಸಾಕಿದ್ದ ಕೋಳಿಗಳು ಓಡಿಬಂದವು, ಆಹಾ ಎಷ್ಟು ಹಗುರ, ಎರಡನೇದು, ಮೂರನೇದು, ನಿನ್ನ ಅನುಮಾನ ನಿನಗೇ ಇರಲಿ ಪಟಾಲಿ, ಐದು, ಆರು, ಒಂದು ಮೀನು ನನ್ನ ಪಾದದ ಮೇಲೆ ಬಾಯಿ ತೆರೆದು ಮುಚ್ಚಿ ತೆರೆದು, ಕೋಳಿಯ ಕೊಕ್ಕು ನನ್ನ ಉಗುರಿಗೇ ತಗುಲಿತು, ಒಂಬತ್ತು, ಹತ್ತು, ಹನ್ನೆರಡು, ಮುಗಿಯಿತು, ನೆಲದಲ್ಲಿ ಒದ್ದೆ ಮಾತ್ರ. ನಾಲ್ಕು ಕೋಳಿ. ಐದಿದ್ದವಲ್ಲ, ಚುಕ್ಕೆ ಕೋಳಿ ಎಲ್ಲಿ, ನುಗ್ಗೆ ಮರದ ಕೆಳಗೆ ಏನೋ ಗೊರಗುಟ್ಟಿತು, ಆ ಮೂಲೆಗೆ ನಾನು ಕಾಲಿಟ್ಟು ಎಷ್ಟು ಕಾಲವಾಯಿತೋ, ಬಗ್ಗಿ ನೋಡಿದೆ. ಕಲ್ಲುಬಾನಿ. ಬಾನಿಯ ತುಂಬಾ ಒಣಹುಲ್ಲು, ಹುಲ್ಲಿನ ಮೇಲೆ ರೆಕ್ಕೆ ಕೆದರಿ ಚುಕ್ಕೆ ಕೋಳಿ ಕಾವಿಗೆ ಕೂತಿದೆ, ಕೈ ಹಾಕಿದೆ, ಕುಟುಕಿತು, ಒಂದು ಮೊಟ್ಟೆ ಎಳೆದು ಬಿಸಿಲಿಗೆ ಹಿಡಿದೆ, ಒಳಗೆ ಕಪ್ಪಗೆ ತುಂಬಿಕೊಂಡ ಮರಿ, ಅಲುಗಿತು, ಹದಿನೈದು ದಿನಕ್ಕೆ ಕಡಿಮೆಯಿಲ್ಲ. ಹುಲ್ಲಿನ ಅಡಿಗೆ ಬೆರಳು ತೂರಿಸಿದೆ, ಕಲ್ಲಿನ ತಳದಲ್ಲಿ ಧೂಳು, ಬಿಸಿ ಧೂಳು. ಬುಧವಾರ ಇಲ್ಲಿ ನೀರಿರಲಿಲ್ಲ. ಹದಿನೈದು ದಿನದಿಂದ ಇಲ್ಲಿ ಒಂದು ತೊಟ್ಟು ನೀರಿರಲಿಲ್ಲ. ಬೇರೆ ಯಾವುದರಲ್ಲಾದರೂ ಬಿಟ್ಟಿರಬೇಕು, ಅಂಡೆಯಲ್ಲಿ, ಕೊಳಗದಲ್ಲಿ, ಇಲ್ಲ, ಕಲ್ಲುಬಾನಿ ಅಂದಳು, ನಾನು ಎದ್ದು ಹತ್ತು ಹೆಜ್ಜೆ ಬಂದು ನೋಡಬಹುದಿತ್ತು, ಏಳು ಗಂಟೆಗೇ ನೋಡಬಹುದಿತ್ತು, ನೋಡುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು, ಸೀಸೆಗಳು, ಐದಾದರೂ ಬದುಕಿರಬಹುದು, ಒಂದಾದರೂ, ಕೋಳಿ ನೆಲ ಕೆದಕುತ್ತಿದೆ, ಒಣಹುಲ್ಲು, ಬಾಗಿಲಲ್ಲಿ ಚಿಲಕದ ಸದ್ದು, ಶ್ರೀರಾಮಪ್ಪಾ ಭಾಯ್, ಸಾಹುಕಾರ್ರು ಬಂದವ್ರೆ, ಬರ್ತೀನಿ ಅನ್ನಬೇಕು, ಕೈ ತೊಳೆಯಬೇಕು, ಏನು ಹೇಳಬೇಕು, ಕಾಯಿಲೆ ಬಂತು ಅನ್ನಲೇ, ಒಂದೇ ಸಲಕ್ಕೆ ಎಲ್ಲವೂ, ಒಣಹುಲ್ಲಿನ ಮೇಲೆ ಕೋಳಿ, ಭಾಯ್, ಮನೇಲಿ ಯಾರೂ ಇಲ್ವಾ, ಪಟಾಲಿ ಬಾಗಿಲು ತೆಗಿ, ಅಂತ ಬಾಯಿಗೆ ಬಂದುಬಿಟ್ಟಿತು, ಬಾನಿಯ ತಳದ ಧೂಳು, ಒಣಹುಲ್ಲು, ಅದರ ಮೇಲೆ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಾ ಕೂತ ಕೋಳಿ, ಒಣಹುಲ್ಲು, ಒಣಗಿದ ಕಲ್ಲು