ಕರಿ ಎತ್ತಿನ ಲಾಳ

ನನ್ನ ಮಗ ಕಾಸಿಂಸಾಬನನ್ನು ಕೊಂದದ್ದು ಗುರಪ್ಪನ ಕರಿ ಎತ್ತು. ದೇವರ ಹಿಪ್ಪರಗಿ ಸಂತೆಯಲ್ಲಿ, ಊರೆಲ್ಲ ನೋಡುತ್ತಿರುವಾಗ. ಎತ್ತನ್ನು ಕೆಡವಿ ಗೊರಸಿಗೆ ಲಾಳ ಬಡಿಯುವುದು ನಮ್ಮ ಮನೆತನದ ಕಸುಬು. ಅಂದು ಕಾಲು ಕಟ್ಟಿದ ಹಗ್ಗ ಹರಿಯಿತು. ಎತ್ತು ಎದ್ದು ಅವನ ಹೊಟ್ಟೆಗೆ ಕೊಂಬು ಹಾಕಿ ಬೇವಿನ ಮರಕ್ಕೆ ಒತ್ತಿತು. ನಾನು ಬಾಲ ಹಿಡಿದು ಜಗ್ಗಿದೆ, ಅದು ಒದ್ದ ಏಟಿಗೆ ನನ್ನ ಮುಂದಿನ ಹಲ್ಲು ಉದುರಿದವು. ವಿಜಾಪುರ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ವರ್ಷ ಅದು.

“ಎತ್ತಿಗೇನ ತಿಳೀತೈತಿ, ದಾವಲಬಿ,” ಅಂದ ಗುರಪ್ಪ, ಅದರ ಕೊಂಬು ಒರೆಸುತ್ತ. ನನ್ನ ಮೈಯೆಲ್ಲ ಉರಿಯಿತು. ಅದಕ್ಕೆ ತಿಳಿಸಿಯೇ ತೀರಬೇಕೆಂದು ಅಲ್ಲೇ ಠರಾಯಿಸಿದೆ.

ಸೊಸೆ ಜೋಹರಾಬಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ವಿಧವೆ ಮನೆಯೊಳಗಿರಬೇಕಾದ ಇದ್ದತ್ ಮುಗಿದರೂ ಏಳಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಎಷ್ಟಂತ ನೋಡುವುದು? ಜಡೆ ಹಿಡಿದು ಅಂಗಳಕ್ಕೆ ಎಳೆದು ತಂದು, ಕಾಸಿಂಸಾಬನ ಸುತ್ತಿಗೆಯನ್ನು ಅವಳ ಮುಂದೆ ಒಗೆದೆ.

“ಏಳ. ಆ ಎತ್ತ ಇನ್ನೂ ಜೀವಂತ ಐತಿ.”

“ನಾನೇನ ಮಾಡ್ಲಿರಿ, ಅತ್ತಿ?”

“ಕಸಬು ಕಲಿ. ಒಂದಿನ ಅದು ನಿನ್ನ ಕೈಯಾಗ ಸಿಗತೈತಿ. ಮೊಳಿ ಹೊರಗ ಹಾಯಿಸಬ್ಯಾಡ, ಒಳಗ ಹಸಿ ಮಾಂಸಕ್ಕ ಹೊಡಿ. ಗೊರಸ ಕೊಳತು ಸಾಯೋತನಕ ಕುಂಟಲಿ.”

ಆಗ ತಲೆ ಎತ್ತಿದಳು ನೋಡಿ. ಅಂದಿನಿಂದ ದಿನಾ ನಸುಕಿನಲ್ಲಿ ನಾನು ಅದೇ ಮಾತು ಹೇಳಿ ಎಬ್ಬಿಸುತ್ತಿದ್ದೆ. ಎತ್ತುಗಳು ಒದ್ದು ಅವಳ ಪಕ್ಕೆಲುಬು ಮುರಿದವು, ಸುತ್ತಿಗೆ ತಪ್ಪಿ ಹೆಬ್ಬೆರಳು ಜಜ್ಜಿಹೋಯಿತು. ಸಿಂದಗಿ ಸಂತೆಯಲ್ಲಿ ಒಬ್ಬ ಮೂಳ, ಹೆಂಗಸು ಎತ್ತು ಕೆಡವುತ್ತಾಳಂತೆ ಎಂದು ನಗುತ್ತ ಸೆರಗು ಜಗ್ಗಿದ. ಅದೇ ಸುತ್ತಿಗೆಯಿಂದ ಅವನ ಮುಂಗೈಗೆ ಕೊಟ್ಟಳು. ಎಲುಬು ಮುರಿದ ಸಪ್ಪಳ ನನಗೂ ಕೇಳಿಸಿತು. ಆಮೇಲೆ ಯಾರೂ ನಗಲಿಲ್ಲ. ಬರಬರುತ್ತ ಇಂಡಿ, ಮುದ್ದೇಬಿಹಾಳದ ಕಡೆಯವರೂ ಅವಳನ್ನೇ ಕೇಳಿಕೊಂಡು ಬಂದರು. ಹಗೆಯಿಂದ ಎಷ್ಟು ಕೆಲಸ ಆಗುತ್ತದೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಮೂರನೆಯ ವರ್ಷ ಜೋಳದ ಸುಗ್ಗಿಯ ಮುಂಚೆ ಗುರಪ್ಪ ಆ ಎತ್ತು ಹೊಡೆದುಕೊಂಡು ಸಂತೆಗೆ ಬಂದೇಬಿಟ್ಟ.

“ಬಂಡಿ ಹೂಡಬೇಕವ್ವಾ, ಗೊರಸ ಸವದಾವ. ನಿನ್ನ ಬಿಟ್ರ ಇದನ್ನ ಮುಟ್ಟೋರ ಯಾರೂ ಇಲ್ಲ,” ಅಂದ, ನೆಲ ನೋಡುತ್ತ.

ಜೋಹರಾಬಿ ಹಗ್ಗ ಹಾಕಿ ಕೆಡವಿದಳು. ಬೀಳುವಾಗ ಕೊಂಬು ಅವಳ ತೋಳು ಸೀಳಿತು. ರಕ್ತ ಸೋರುತ್ತಿದ್ದರೂ ನಾಲ್ಕೂ ಕಾಲು ಕಟ್ಟಿದಳು. ನಾನು ಹಗ್ಗದ ತುದಿ ಹಿಡಿದು ಅದರ ಕುತ್ತಿಗೆಯ ಮೇಲೆ ಮೊಣಕಾಲೂರಿದೆ. ಲಾಳ ಇಟ್ಟು ಮೊಳೆ ನಿಲ್ಲಿಸಿದಳು.

“ಒಳಗ,” ಅಂದೆ ಮೆಲ್ಲಗೆ.

ಸುತ್ತಿಗೆ ಎತ್ತಿದಳು. ಹೊಡೆದಳು. ಮೊಳೆಯ ತುದಿ ಮಾಂಸಕ್ಕೆ ತಾಗದೆ ನೆಟ್ಟಗೆ ಗೊರಸಿನ ಹೊರಗೆ ಬಂತು. ಅದನ್ನು ಮಡಚಿ ತಟ್ಟಿದಳು.

ಸಂತೆಯ ನಡುವೆಯೇ ಅವಳ ಕೆನ್ನೆಗೆ ಬಾರಿಸಿದೆ. “ನನ್ನ ಮಗನ ರಕ್ತ ಮರತೀಯೇನ, ಹರಾಮಿ?”

ಮತ್ತೊಮ್ಮೆ ಎತ್ತಿದ ಕೈಯನ್ನು ಎಲುಬು ನೋಯುವಂತೆ ಹಿಡಿದಳು. ಅಳುತ್ತಿದ್ದಳು.

“ಮರತಿಲ್ರಿ. ಕೆಡಸಬೇಕಂತನ ಮೊಳಿ ಇಟ್ಟಿದ್ದೆ. ಈ ಕೈಲೆ ಹಾಳ ಕೆಲಸ ಆಗಲಿಲ್ರಿ. ಇನ್ನೂ ಮೊಳಿ ಭಾಳ ಉಳದಾವ, ಹಗ್ಗ ಬಿಗಿ ಹಿಡೀರಿ.”

ಹಗ್ಗ ಬಿಟ್ಟರೆ ಎತ್ತು ಏಳುತ್ತಿತ್ತು, ಇವಳೂ ಹೋಗುತ್ತಿದ್ದಳು. ಹಲ್ಲು ಕಚ್ಚಿ ಹಿಡಿದೆ. ಎತ್ತು ಕುಂಟದೆ ನಡೆದು ಹೋಯಿತು. ಈಗಲೂ ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ.

ಮರುದಿನ ನಸುಕಿನಲ್ಲಿ ಅವಳನ್ನು ಎಬ್ಬಿಸಲು ನನ್ನ ಹತ್ತಿರ ಆ ಹಗೆಯ ಮಾತು ಉಳಿದಿರಲಿಲ್ಲ. ನನಗೇ ಏಳಬೇಕೆನಿಸಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದೆ. ತೋಳಿಗೆ ಬಟ್ಟೆ ಸುತ್ತಿಕೊಂಡು ಬಂದವಳು ನನ್ನ ಕೌದಿ ಎಳೆದು ಒಗೆದಳು.

“ಏಳ್ರಿ, ಅತ್ತಿ. ಇವತ್ತ ಇಂಡಿ ಸಂತಿ. ನೀವ ಬರಲಿಲ್ಲಂದ್ರ ಹಗ್ಗ ಯಾರ ಹಿಡೀಬೇಕು?”

ಅವಳನ್ನು ಬೈಯುತ್ತ ಎದ್ದು ಹಗ್ಗ ಹುಡುಕಿದೆ.